ಒಪ್ಪವಿಡುವ ವಿದ್ಯೆ

ಸಂಸ್ಕೃತದ ‘ಶಾಣ’ ಶಬ್ದವೇ ಕನ್ನಡದಲ್ಲಿ ‘ಸಾಣೆ’ಯಾಯಿತು. ಸಾಣೆಯ ಕೆಲಸವು ತೆಗೆಯುವುದು. ರತ್ನಕ್ಕಾಗಲಿ ಖಡ್ಗಕ್ಕಾಗಲಿ ಅದು ಹೊಸದೇನನ್ನೂ ಕೂಡಿಸದು. ‘ಒಪ್ಪ’ವಾದರೋ ಅಚ್ಚಗನ್ನಡ ಶಬ್ದ. ಒಪ್ಪವಿಡುವುದೆಂದರೆ ಹೊಳಪು ಬರುವಂತೆ ತಿಕ್ಕುವುದು. ಅಂದವೆಂಬ ಅರ್ಥವೂ ಅದಕ್ಕುಂಟು. ಈ ಶಬ್ದಗಳನ್ನು ಮಕ್ಕಳಿಗೆ ಬಹುವರ್ಷ ಪಾಠ ಹೇಳಿದ ನಮಗೆ ಅವುಗಳ ಕ್ರಿಯೆಯನ್ನು ಕಣ್ಣಾರೆ ಕಾಣುವ ಸಂದರ್ಭವು ಒದಗಿದುದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ, ಮೋಟಾರು ಕಾರಿನ ಬಣ್ಣವನ್ನು ಉಜ್ಜಿ ಮೆರುಗು ಕೊಡುವುದನ್ನು ಕಲಿಸುವ ತರಗತಿಯಲ್ಲಿ.

ಅಲ್ಲಿಗೆ ಹೋದುದಕ್ಕೆ ಕಾರಣವಿಷ್ಟೆ. ಅಣ್ಣಿಗೇರಿಯ ಕಡೆಯ ರೈತಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು, “ಮಗನು ಹತ್ತನೆಯ ತರಗತಿ ಮುಗಿಸಿ ಈ ಕೆಲಸ ಕಲಿಯುವೆನೆನ್ನುತ್ತಾನೆ. ಕಾರು ತಿಕ್ಕಲಿಕ್ಕೂ ಒಂದು ಶಾಲೆ ಬೇಕೆ?” ಎಂದು ಕೇಳಿದರು. ನೋಡದೆ ಉತ್ತರ ಹೇಳುವುದು ಯುಕ್ತವಲ್ಲವೆಂದು ಮೂರು ದಿನ ಆ ಹುಡುಗರ ಸಾಲಿನಲ್ಲಿಯೇ ನಿಂತು ನೋಡಿದೆವು. ನಮ್ಮ ಕೈಗೂ ಒಂದು ಕಾಗದದ ತುಂಡನ್ನು ಕೊಟ್ಟರು.

ಮೊದಲನೆಯ ದಿನವೆಲ್ಲ ಅಳತೆಯ ಪಾಠವೇ ನಡೆಯಿತು. ಕಾರಿನ ಮೈಮೇಲೆ ಕಾಣುವುದು ಒಂದೇ ಬಣ್ಣವಾದರೂ ಅಲ್ಲಿರುವುದು ಹಲವು ಪದರ. ತಗಡಿಗೆ ತುಕ್ಕು ಹಿಡಿಯದಂತೆ ಕಾಯುವ ಲೇಪ, ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಇವೆಲ್ಲವೂ ಕೂಡಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲಿನ ಆಚೀಚೆ. ಮೇಲಿನ ಪಾರದರ್ಶಕ ಪದರವಂತೂ 40–50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿಗಿಂತಲೂ ತೆಳುವಾದುದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದು ಇದೇ. ಗೀರನ್ನು ಮರೆಮಾಡಲು ಉಜ್ಜುವುದು ಇದನ್ನೇ. ಹೊಸದಾಗಿ ಹೊಡೆದ ಬಣ್ಣದಲ್ಲಿ ಧೂಳಿನ ಕಣ ಕುಳಿತಾಗ, ಇಲ್ಲವೆ ಮೈಯು ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾದಾಗ ಸಮಮಾಡುವುದೂ ಇದನ್ನೇ. ಗೀರು ಆಳವಾಗಿ ಬಣ್ಣದ ಪದರವನ್ನೇ ತಲುಪಿದ್ದರೆ ಉಜ್ಜುವುದರಿಂದ ಹೋಗದು. ಅದಕ್ಕೆ ಮತ್ತೆ ಬಣ್ಣವನ್ನೇ ಹೊಡೆಯಬೇಕು. ಬೋಧಕರು ಪ್ರತಿಯೊಬ್ಬ ಹುಡುಗನಿಂದಲೂ ಗೀರಿನ ಮೇಲೆ ಉಗುರು ಆಡಿಸಿ, ಉಗುರು ಸಿಕ್ಕಿಕೊಳ್ಳುವುದೋ ಜಾರುವುದೋ ಹೇಳಿಸಿದರು. ಸಿಕ್ಕಿಕೊಂಡರೆ ಕಾಗದವನ್ನು ಮುಟ್ಟುವುದಕ್ಕೆ ಮೊದಲು ಇನ್ನೊಮ್ಮೆ ಯೋಚಿಸಬೇಕೆಂದು ಅವರ ನಿಯಮ.

ಕಾಗದಗಳಿಗೆ ಅಂಕಗಳಿವೆ. ಅಂಕ ಹೆಚ್ಚಿದಷ್ಟೂ ಹರಳು ನಯ. 1500, ಬಳಿಕ 2000, ಬಳಿಕ 3000 ಎಂದು ಏರುತ್ತ ಹೋಗಬೇಕು. ಹಿಂದಿನ ಕಾಗದದ ಗೀರುಗಳನ್ನು ಮುಂದಿನ ಕಾಗದ ಅಳಿಸುತ್ತದೆ. ನಡುವೆ ಒಂದನ್ನು ಹಾರಿಸಿದವನು ಕೊನೆಯಲ್ಲಿ ಯಂತ್ರದಿಂದ ಎಷ್ಟು ತಿಕ್ಕಿದರೂ ಆ ಗೀರು ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ವ್ಯಾಕರಣದಲ್ಲಿ ಸಂಧಿಯನ್ನು ಬಿಟ್ಟು ಸಮಾಸಕ್ಕೆ ನೆಗೆಯುವ ಶಿಷ್ಯರನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಕಾಗದವನ್ನು ನೀರಿನಲ್ಲಿ ನೆನೆಸಿ, ರಬ್ಬರಿನ ತುಂಡಿಗೆ ಸುತ್ತಿ, ಭಾರ ಹಾಕದೆ ಆಡಿಸಬೇಕು. ಬರಿಯ ಬೆರಳಿನಿಂದ ಒತ್ತಿದರೆ ಬೆರಳಿನ ಜಾಡು ತೋಡಾಗಿ ಉಳಿಯುತ್ತದೆ. ಆಗಾಗ ನೀರನ್ನು ಒರೆಸಿ ನೋಡಬೇಕು. ಹೊಳೆಯುವ ಚುಕ್ಕೆಗಳು ಉಳಿದಿರುವವರೆಗೆ ಅಲ್ಲಿ ತಗ್ಗಿದೆಯೆಂದು ತಿಳಿಯತಕ್ಕದ್ದು. ಮೈಯೆಲ್ಲ ಒಂದೇ ಸಮನಾಗಿ ಮಬ್ಬಾದಾಗ ಕೈ ನಿಲ್ಲಬೇಕು. ಬಳಿಕ ಉಣ್ಣೆಯ ಅಥವಾ ಸ್ಪಂಜಿನ ಚಕ್ರಕ್ಕೆ ಕಾಂಪೌಂಡ್ ಹಚ್ಚಿ ಯಂತ್ರದಿಂದ ತಿಕ್ಕಿದರೆ ಆ ಮಬ್ಬಿನೊಳಗಿಂದ ಕನ್ನಡಿಯಂತಹ ಮೆರುಗು ಏಳುತ್ತದೆ. ಯಂತ್ರವು ಒಂದೇ ಎಡೆಯಲ್ಲಿ ನಿಂತಿತೋ, ಶಾಖದಿಂದ ಬಣ್ಣವು ಸುಟ್ಟಿತೆಂದೇ ಅರ್ಥ.

ನಿಲ್ಲಿಸುವುದು ಈ ವಿದ್ಯೆಯಲ್ಲಿ ಬಲು ಕಷ್ಟದ ಭಾಗ. ಎರಡನೆಯ ದಿನ ಒಬ್ಬ ಹುಡುಗನು ಹಳೆಯ ಬಾನೆಟ್ಟಿನ ಅಂಚನ್ನು ಟೇಪಿನಿಂದ ಮುಚ್ಚದೆ ಉಜ್ಜಿದನು. ಅಂಚಿನಲ್ಲಿ ಲೇಪವು ಸಹಜವಾಗಿಯೇ ತೆಳು. ಕೆಲವೇ ತಿಕ್ಕಿಗೆ ಕೆಳಗಿನ ಬೂದುಬಣ್ಣದ ಪ್ರೈಮರ್ ಹೊರಬಂದಿತು. ಬೋಧಕರು ಬಯ್ಯಲಿಲ್ಲ, ಎಲ್ಲರನ್ನೂ ಕರೆದು ತೋರಿಸಿದರು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ವಾಚಕರು ಬಲ್ಲರು. ಅಲ್ಲಿ ಹೆಚ್ಚಾದುದನ್ನು ಮರಳಿ ಸುರಿದು ಬರಲು ಎಡೆಯಿತ್ತು. ಇಲ್ಲಿ ಹೆಚ್ಚಾಗಿ ತೆಗೆದುದನ್ನು ಮರಳಿ ಇಡಲು ಬಾರದು. ಆದುದರಿಂದಲೇ ಇದನ್ನು ಗಿರಾಕಿಯ ಕಾರಿನ ಮೇಲೆ ಕಲಿಯಲಾಗದು, ಹಳೆಯ ತಗಡಿನ ಮೇಲೆ ಬಲ್ಲವರ ಕಣ್ಣೆದುರಿಗೇ ಕಲಿಯಬೇಕು. ಆ ಗೃಹಸ್ಥರ ಪ್ರಶ್ನೆಗೆ ನಮ್ಮ ಉತ್ತರವೂ ಇದೇ: ಶಾಲೆ ಬೇಕು. ಸರಕಾರದ ಐ.ಟಿ.ಐ. ಪಠ್ಯಕ್ರಮದಲ್ಲಿ ವಾಹನದ ಮೈಗೆ ಬಣ್ಣ ಹಚ್ಚುವುದು ಒಂದು ವರ್ಷದ ಪ್ರತ್ಯೇಕ ವಿದ್ಯೆಯೇ ಆಗಿದೆ. ‘ವರ್ಲ್ಡ್ ಸ್ಕಿಲ್ಸ್’ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ನಾನಾ ದೇಶಗಳ ತರುಣರು ಇದರಲ್ಲಿ ಸೆಣಸುತ್ತಾರೆ.

ಆದರೆ ಆ ತಂದೆಯು ಕೇಳದೆ ಬಿಟ್ಟ ಮಾತೊಂದಿದೆ. ನಮಗೆ ಅದೇ ದೊಡ್ಡದೆನಿಸಿತು. ನೂರು ವರ್ಷಗಳ ಹಿಂದೆ ಕಾರಿನ ಬಣ್ಣದಲ್ಲಿ ಸೀಸವಿರುತ್ತಿತ್ತು. ಒಣಗಿನಲ್ಲಿ ಉಜ್ಜಿದಾಗ ಆ ಧೂಳು ಕೆಲಸಗಾರರ ಎದೆಯನ್ನು ಸೇರುತ್ತಿತ್ತು. ಫಿಲಡೆಲ್ಫಿಯದ ಫ್ರಾನ್ಸಿಸ್ ಓಕಿ ಎಂಬ ಮಸಿ ತಯಾರಕನು ಕಲ್ಪಿಸಿದ, ನೀರಿನಲ್ಲಿ ಕೆಡದ ಕಾಗದವನ್ನು 1921ರಲ್ಲಿ ಅಮೆರಿಕದ ತ್ರೀ ಎಂ ಕಂಪನಿಯು ಮಾರಾಟಕ್ಕೆ ತಂದಿತು. ನೆನೆಸಿ ಉಜ್ಜಿದಾಗ ಧೂಳು ಏಳದೆ ನೀರಿನೊಡನೆ ಇಳಿಯಿತು. ಇಂದಿನ ಅಪಾಯವು ಬೇರೆ ಬಗೆಯದು. ಎರಡು ಡಬ್ಬಿಗಳನ್ನು ಬೆರೆಸಿ ಸಿಂಪಡಿಸುವ ಲೇಪದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿರುತ್ತದೆ. ಅದು ಉಸಿರಿನೊಳಗೆ ಹೋದರೆ ಉಬ್ಬಸವು ಹತ್ತಬಹುದು. ಒಮ್ಮೆ ಹತ್ತಿದವನಿಗೆ ಮುಂದೆ ಅದರ ಅತ್ಯಲ್ಪ ಸೋಂಕೂ ಸಹಿಸದು. ಮೂಗಿಗೆ ಕಟ್ಟಿದ ಕರವಸ್ತ್ರವು ಇದನ್ನು ತಡೆಯಲಾರದು. ಸಿಂಪಡಿಸುವವನಿಗೆ ಕೊಳವೆಯ ಮೂಲಕ ಹೊರಗಿನ ಶುದ್ಧ ಗಾಳಿಯನ್ನು ಒದಗಿಸುವ ಮುಖವಾಡ ಬೇಕು. ಪೂರ್ತಿ ಗಟ್ಟಿಯಾಗದ ಲೇಪವನ್ನು ಒಣಗಿನಲ್ಲಿ ಉಜ್ಜುವವನಿಗೂ ತಕ್ಕ ರಕ್ಷಣೆ ಬೇಕು. ರಸ್ತೆಬದಿಯ ಎಷ್ಟೋ ಅಂಗಡಿಗಳಲ್ಲಿ ಎಳೆಯ ಹುಡುಗರು ಬರಿಯ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡುವುದನ್ನು ನಾವೆಲ್ಲ ಕಂಡು ಸುಮ್ಮನೆ ಹಾದುಹೋಗುತ್ತೇವೆ.

ಮನೆಯಲ್ಲಿ ಕಾರು ಇಟ್ಟವರಿಗೆ ಪ್ರಸಂಗವಶಾತ್ ಒಂದು ಮಾತು. ನವಲಗುಂದ, ಕುಂದಗೋಳಗಳ ಎರೆಹೊಲದ ಹಾದಿಯಲ್ಲಿ ಬಂದ ಗಾಡಿಯ ಮೇಲಿನ ಧೂಳನ್ನು ಒಣಬಟ್ಟೆಯಿಂದ ಒರೆಸಬಾರದು. ಧೂಳಿನಲ್ಲಿರುವ ಮರಳಿನ ಕಣವೇ ಆಗ ಸಾಣೆಯಾಗುತ್ತದೆ. ನಮ್ಮ ಕಡೆ ನೀರಿಗೆ ಬರವೆಂಬುದು ದಿಟ. ಆದರೂ ಮೊದಲು ಒಂದು ಕೊಡ ನೀರು ಸುರಿದು ಮಣ್ಣನ್ನು ಇಳಿಸಿ, ಆಮೇಲೆ ಮೆತ್ತನೆಯ ಒದ್ದೆಬಟ್ಟೆಯನ್ನು ಆಡಿಸತಕ್ಕದ್ದು. ಸವುಳು ನೀರಾಗಿದ್ದರೆ ಬಿಸಿಲಿನಲ್ಲಿ ಒಣಗಲು ಬಿಡದೆ ಒರೆಸಿಬಿಡಬೇಕು; ಇಲ್ಲವಾದರೆ ಉಪ್ಪಿನ ಬಿಳಿಯ ಮಚ್ಚೆಗಳು ಕೂಡುತ್ತವೆ.

ಇನ್ನು ಮಗನನ್ನು ಸೇರಿಸಹೊರಟ ತಂದೆತಾಯಿಗಳು ಶುಲ್ಕವನ್ನು ಕೇಳುವುದಕ್ಕೆ ಮೊದಲು ಶೆಡ್ಡಿನೊಳಗೆ ಒಂದು ಸುತ್ತು ಬರಲಿ. ಹುಡುಗನ ಕೈಗೆ ವಾರಕ್ಕೆ ಎಷ್ಟು ತಗಡು ಬರುತ್ತದೆ, ಗಾಳಿ ಹೊರಹೋಗಲು ಫ್ಯಾನು ಇದೆಯೆ, ಮುಖವಾಡಗಳು ಎಷ್ಟಿವೆ, ಅವುಗಳ ಸೋಸುಪಟ್ಟಿಯನ್ನು ಬದಲಿಸುವವರು ಯಾರು ಎಂದು ವಿಚಾರಿಸಲಿ. ಅಲ್ಲಿ ಗೂಟಕ್ಕೆ ತೂಗಿರುವುದು ಬರಿಯ ಕರವಸ್ತ್ರಗಳಾದರೆ ಮಗನನ್ನು ಕರೆದುಕೊಂಡು ಬಂದು ಬೇರೊಂದು ತರಗತಿಯನ್ನು ಹುಡುಕಲಿ.