ಮಂದಮಾರುತದಲ್ಲಿ ಹಾಯಿದೋಣಿ

ಮುಂಜಾನೆ ಹೆಬ್ಬಾಳ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ, ನಿಶ್ಚಲವಾದ ನೀರಿನ ಮೇಲೆ ಒಮ್ಮೊಮ್ಮೆ ಕಪ್ಪು ಛಾಯೆಯೊಂದು ಹರಿದುಬಂದು ಮಾಯವಾಗುತ್ತದೆ. ಅದು ಮೋಡದ ನೆರಳಲ್ಲ, ಗಾಳಿಯ ಹೆಜ್ಜೆಗುರುತು. ಹಾಯಿದೋಣಿ ನಡೆಸುವವನು ಮೊದಲು ಕಲಿಯಬೇಕಾದುದು ಇದನ್ನು ಗುರುತಿಸುವುದನ್ನೇ.

ನಗರದ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಈ ವಿದ್ಯೆಯನ್ನು ಅಭ್ಯಸಿಸುತ್ತ ಬಂದಿದ್ದಾರೆ. 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿದವರೂ ಸೇನೆಯ ಎಂಜಿನಿಯರ್ ಪಡೆಯವರೇ.

ಬಿರುಗಾಳಿಗೆ ಧೈರ್ಯ ಸಾಕು. ಮಂದಮಾರುತವು ಅದಕ್ಕಿಂತ ಕಠಿನವಾದ ಪರೀಕ್ಷೆ. ಮಕ್ಕಳ ‘ಆಪ್ಟಿಮಿಸ್ಟ್’ ದೋಣಿಯ ಉದ್ದ ಸುಮಾರು 2.3 ಮೀಟರ್, ತೂಕ 35 ಕಿಲೋಗ್ರಾಂ. ಕುಳಿತವನು ಥಟ್ಟನೆ ಕದಲಿದರೆ ಸಾಕು, ಹಾಯಿಯಲ್ಲಿ ತುಂಬಿದ್ದ ಅಲ್ಪ ಗಾಳಿಯೂ ಚೆಲ್ಲಿಹೋಗುತ್ತದೆ. ಆದುದರಿಂದ ಬಲ್ಲವನು ಬೆಕ್ಕಿನಂತೆ ಮೆಲ್ಲನೆ ಸರಿದು ಮುಂದಕ್ಕೆ ಕುಳಿತುಕೊಳ್ಳುತ್ತಾನೆ. ಆಗ ದೋಣಿಯ ಅಗಲವಾದ ಹಿಂಭಾಗವು ನೀರಿನಿಂದ ಮೇಲೆದ್ದು ಘರ್ಷಣೆ ಕಡಮೆಯಾಗುತ್ತದೆ. ಗಾಳಿ ಸಾಗುವ ಕಡೆಗೆ ದೋಣಿಯನ್ನು ತುಸು ವಾಲಿಸಿದರೆ, ಉಬ್ಬಲಾರದ ಹಾಯಿಯು ತನ್ನ ಭಾರದಿಂದಲೇ ಬಾಗಿ ಆಕಾರ ತಾಳುತ್ತದೆ. ಹಗ್ಗವನ್ನು ಬಿಗಿಯಾಗಿ ಎಳೆಯುವುದು ಹೊಸಬರ ಚಾಳಿ. ಅದರಿಂದ ವೇಗ ಕುಂದುತ್ತದೆ. ಚುಕ್ಕಾಣಿಯನ್ನು ಪದೇ ಪದೇ ತಿರುಗಿಸುವುದೂ ದೋಣಿಗೆ ತಡೆಯೇ.

ಹಾಗೆಂದು ಬೇಸತ್ತು ಹಾಯಿಯನ್ನು ಬೀಸಣಿಗೆಯಂತೆ ಬೀಸಿ ಮುಂದೆ ಸಾಗುವಂತಿಲ್ಲ. ಸ್ಪರ್ಧೆಗಳಲ್ಲಿ ಅದು ಸಾಮಾನ್ಯವಾಗಿ ನಿಷಿದ್ಧ.