ಮನೆಯೊಳಗಿನ ಯಂತ್ರದ ಸದ್ದು: ಮುಚ್ಚಬೇಡಿ, ತಗ್ಗಿಸಿ

ರಾತ್ರಿ ನಿದ್ದೆ ಬರುವುದಿಲ್ಲ, ತಲೆ ಭಾರ, ಬೆಳಗ್ಗೆ ಎದ್ದರೆ ಮೈಯಲ್ಲಿ ತ್ರಾಣವಿಲ್ಲ ಎಂದು ಹೇಳಿಕೊಂಡು ದವಾಖಾನೆಗೆ ಬರುವವರು ದಿನಕ್ಕೆ ಮೂರು ನಾಲ್ಕು ಜನರಾದರೂ ಇರುತ್ತಾರೆ. ಹೆಚ್ಚಿನವರಲ್ಲಿ ಕಾರಣ ಚಿಂತೆ, ಚಹಾ, ಇಲ್ಲವೆ ಮೊಬೈಲ್. ಕೆಲವು ದಿನಗಳ ಹಿಂದೆ ಬೈಲಹೊಂಗಲದ ಕಡೆಯ ಒಬ್ಬ ತಾಯಿ ಇದೇ ದೂರಿನೊಂದಿಗೆ ಬಂದರು. ವಯಸ್ಸು ಐವತ್ತೆರಡು. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ರಕ್ತದೊತ್ತಡ ಏರಿತ್ತು. ಮನೆಯಲ್ಲಿ ಏನಾದರೂ ಹೊಸದಾಗಿದೆಯೇ ಎಂದು ಕೇಳಿದೆ.

"ಮಗಾ ಏನೋ ಮಷೀನ್ ತಂದಾನ್ರಿ ಸಾಹೇಬ್ರ. ಹಗಲೂ ರಾತ್ರಿ ಗುಂಯ್ ಅಂತೈತಿ. ಬಂದ್ ಮಾಡಂದ್ರ ರೊಕ್ಕಾ ಬರ್ತೈತಿ ಅಂತಾನ. ಸದ್ದು ಕಡಿಮಿ ಆಗ್ಲಿ ಅಂತ ನಾನ ರಾತ್ರಿ ಒಂದ್ ಕೌದಿ ಹೊಚ್ಚೇನ್ರಿ" ಎಂದರು.

ಕೌದಿಯ ಮಾತು ಕೇಳಿ ನಾನು ಬರೆಯುತ್ತಿದ್ದ ಚೀಟಿಯನ್ನು ಬದಿಗಿಟ್ಟು, ಮೊದಲು ಮನೆಗೆ ಫೋನು ಮಾಡಿಸಿ ಅದನ್ನು ತೆಗೆಸಿದೆ. ಆ ಯಂತ್ರ ಇದ್ದ ಕೋಣೆಯಲ್ಲೇ ಸೊಸೆ ಮತ್ತು ಏಳು ತಿಂಗಳ ಕೂಸು ಮಲಗುತ್ತಿದ್ದರು. ಇಂದಿನ ಲೇಖನಕ್ಕೆ ಆ ಕೌದಿಯೇ ಕಾರಣ.

ಏನಿದು ಯಂತ್ರ?

ಬಿಟ್‌ಕಾಯಿನ್ ಎಂಬ ಗಣಕ ನಾಣ್ಯ 2009ರ ಜನವರಿಯಲ್ಲಿ ಆರಂಭವಾಯಿತು. ಅದರ ವ್ಯವಹಾರಗಳನ್ನು ದಾಖಲೆ ಮಾಡಲು ಪ್ರಪಂಚದಾದ್ಯಂತ ಲಕ್ಷಾಂತರ ಯಂತ್ರಗಳು ಒಂದು ಅಂಕಿಯನ್ನು ಊಹಿಸುವ ಸ್ಪರ್ಧೆಯಲ್ಲಿ ತೊಡಗಿರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಗೆಲ್ಲುತ್ತಾರೆ, ಗೆದ್ದವರಿಗೆ ಹೊಸ ನಾಣ್ಯ ಸಿಗುತ್ತದೆ. ಇದಕ್ಕೆ ಗಣಿಗಾರಿಕೆ, ಅಂದರೆ ಮೈನಿಂಗ್ ಎಂದು ಹೆಸರು. ಈ ಬಹುಮಾನ 2024ರ ಏಪ್ರಿಲ್‌ನಲ್ಲಿ ಅರ್ಧಕ್ಕೆ ಇಳಿದು 3.125 ಬಿಟ್‌ಕಾಯಿನ್ ಆಯಿತು.

ಇದರ ಲಾಭ ನಷ್ಟ ಹೇಳುವುದು ವೈದ್ಯನ ಕೆಲಸವಲ್ಲ. ಆದರೆ ಯಂತ್ರದ ಒಳಗೆ ನಡೆಯುವುದು ಆರೋಗ್ಯಕ್ಕೆ ಸಂಬಂಧಿಸಿದ್ದು. ಈ ಕೆಲಸಕ್ಕೆಂದೇ ತಯಾರಾದ ಆಂಟ್‌ಮೈನರ್ ಎಸ್19 ಎಂಬ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದು ಸುಮಾರು 3,250 ವಾಟ್ ವಿದ್ಯುತ್ ಎಳೆಯುತ್ತದೆ. ದಿನಕ್ಕೆ 78 ಯೂನಿಟ್! ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಒಂದು ಕೋಣೆಯಲ್ಲಿ ಸಾವಿರ ವಾಟಿನ ಮೂರು ಹೀಟರ್‌ಗಳನ್ನು ಹಗಲೂ ರಾತ್ರಿ ಉರಿಸಿದಂತೆ. ಆ ಬಿಸಿಯನ್ನು ಹೊರಗೆ ತಳ್ಳಲು ಅದರಲ್ಲಿ ಅಂಗೈಯಗಲದ ನಾಲ್ಕು ಫ್ಯಾನುಗಳಿವೆ. ಅವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ತಯಾರಕರೇ ಹೇಳುವಂತೆ ಅದರ ಸದ್ದು ಸುಮಾರು 75 ಡೆಸಿಬೆಲ್.

ಡೆಸಿಬೆಲ್ ಎನ್ನುವುದು ಸದ್ದಿನ ಅಳತೆ. ನಾವು ಎದುರುಬದುರು ಕುಳಿತು ಆಡುವ ಮಾತು ಸುಮಾರು 60. ಅಳತೆ 10 ಏರಿದರೆ ಕಿವಿಗೆ ಸದ್ದು ಎರಡರಷ್ಟು ಎನಿಸುತ್ತದೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು (2000) ವಾಸದ ಬಡಾವಣೆಗಳಿಗೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಅದು ಬೀದಿಯ ಮಾತು. ಮಲಗುವ ಕೋಣೆಯೊಳಗೆ 30 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು.

ಕಿವಿ ಕೆಡುವ ಬಗೆ

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿರುತ್ತವೆ. ಸದ್ದಿನ ಅಲೆಗೆ ಅವು ಬಾಗಿ ಎದ್ದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಗಾಳಿಗೆ ಬಾಗಿದ ಜೋಳದ ಪೈರು ಗಾಳಿ ನಿಂತರೆ ಮತ್ತೆ ನೆಟ್ಟಗಾಗುತ್ತದೆ, ದಿನಗಟ್ಟಲೆ ಬೀಸಿದರೆ ನೆಲಕ್ಕೆ ಬೀಳುತ್ತದೆ. ರೋಮಕೋಶಗಳೂ ಹಾಗೆಯೇ. ಒಮ್ಮೆ ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಡೊಳ್ಳು, ಜಾಗಟೆ ಕೇಳುತ್ತೇವೆ. ಅಕ್ಟೋಬರ್ ಕೊನೆಯಲ್ಲಿ ಕಿತ್ತೂರು ಉತ್ಸವದ ಧ್ವನಿವರ್ಧಕ ಕೇಳುತ್ತೇವೆ. ಅವು ಜೋರೇ ಹೌದು, ಹತ್ತಿರ ನಿಲ್ಲುವುದು ಕಿವಿಗೆ ಹಿತವಲ್ಲ. ಆದರೆ ಉತ್ಸವ ಮುಗಿಯುತ್ತದೆ, ಕಿವಿಗೆ ವಿಶ್ರಾಂತಿ ಸಿಗುತ್ತದೆ. ಮನೆಯೊಳಗಿನ ಯಂತ್ರಕ್ಕೆ ಮುಗಿಯುವ ದಿನವೇ ಇಲ್ಲ. ಎಂಟು ಗಂಟೆಯ ದುಡಿಮೆಗೆ 85 ಡೆಸಿಬೆಲ್ ಮಿತಿ ಎಂದು ತಜ್ಞರು ಹೇಳುತ್ತಾರೆ. ಇಡೀ ದಿನದ, ಅಂದರೆ 24 ಗಂಟೆಯ ಸರಾಸರಿಗೆ ಕ್ಷೇಮದ ಮಿತಿ 70 ಮಾತ್ರ. 75ರ ಯಂತ್ರದ ಪಕ್ಕದಲ್ಲಿ ಹಗಲೂ ರಾತ್ರಿ ಇರುವ ಕೂಸು ಈ ಮಿತಿಯನ್ನು ದಾಟಿದೆ ಎಂಬುದನ್ನು ಗಮನಿಸಿ.

ಇದನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ರಾಮದುರ್ಗ, ಸುರೇಬಾನಗಳ ನೇಕಾರರ ಮನೆಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆಯೇ ಸಂಸಾರ ನಡೆಯುತ್ತದೆ. ಮಗ್ಗದ ಪಕ್ಕದ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ. ಅಲ್ಲಿಂದ ಬರುವ ಹಿರಿಯರು "ಮಾತು ಕೇಳಸ್ತೈತ್ರಿ, ಆದ್ರ ಏನಂದ್ರೂ ತಿಳಿಯೂದಿಲ್ಲ" ಎನ್ನುತ್ತಾರೆ. ಸದ್ದಿನಿಂದ ಕೆಡುವ ಕಿವಿಯ ಗುರುತು ಇದೇ. ಮೊದಲು ಹೋಗುವುದು ಕೀರಲು ಸದ್ದನ್ನು ಹಿಡಿಯುವ ಶಕ್ತಿ. ಸ, ಶ, ತ, ಕ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಮೊಮ್ಮಕ್ಕಳ ತೆಳು ಧ್ವನಿ ತಿಳಿಯದಾಗುತ್ತದೆ. ನೋವಿಲ್ಲ, ಕೀವಿಲ್ಲ, ಆದ್ದರಿಂದ ಯಾರೂ ವೈದ್ಯರ ಹತ್ತಿರ ಬರುವುದಿಲ್ಲ.

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ 1886ರಲ್ಲಿ ಬಾಯ್ಲರ್ ತಯಾರಿಸುವ ಕಾರ್ಮಿಕರ ಕಿವಿಗಳನ್ನು ಪರೀಕ್ಷಿಸಿ ಅಂಚೆಯವರ ಕಿವಿಗಳೊಂದಿಗೆ ಹೋಲಿಸಿದರು. ಅಂಚೆಯವರಿಗೆ ಚೆನ್ನಾಗಿ ಕೇಳುತ್ತಿತ್ತು, ಬಾಯ್ಲರಿನವರ ಶ್ರವಣಶಕ್ತಿ ಕುಗ್ಗಿತ್ತು. ಕಾರಣ ಅಂದೇ ತಿಳಿದಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕಿವಿಯ ವಿಷಯದಲ್ಲಿ ಇಂದಿಗೂ ನಿಜವಾಗುತ್ತಿದೆ.

ಕಿವಿಗಿಂತ ಮೊದಲು ನಿದ್ದೆ

ಕಿವಿ ಕೆಡಲು ವರ್ಷಗಳು ಬೇಕು. ನಿದ್ದೆ ಕೆಡಲು ಒಂದೇ ರಾತ್ರಿ ಸಾಕು. "ನಮಗೆ ರೂಢಿಯಾಗಿದೆ" ಎಂದು ಅನೇಕರು ಹೇಳುತ್ತಾರೆ. ಮನಸ್ಸಿಗೆ ರೂಢಿಯಾಗುತ್ತದೆ, ದೇಹಕ್ಕೆ ಪೂರ್ತಿ ಆಗುವುದಿಲ್ಲ. ನಿದ್ದೆಯಲ್ಲೂ ಕಿವಿ ಕಾವಲು ಕಾಯುತ್ತಲೇ ಇರುತ್ತದೆ. ಸದ್ದು ಬಿದ್ದಾಗಲೆಲ್ಲ ನಾಡಿಯ ಬಡಿತ ಏರುತ್ತದೆ, ಒತ್ತಡದ ರಸಗಳು ರಕ್ತಕ್ಕೆ ಸೇರುತ್ತವೆ, ಗಾಢನಿದ್ದೆ ತೆಳುವಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡ ಮತ್ತು ಹೃದ್ರೋಗದ ಸಂಭವ ಹೆಚ್ಚುತ್ತದೆ. ಮಕ್ಕಳಲ್ಲಿ ಓದಿನ ಏಕಾಗ್ರತೆ ಕುಂದುತ್ತದೆ. ಇಡೀ ದಿನ ಯಂತ್ರದ ಮೊರೆತವನ್ನೇ ಕೇಳುವ ಕೂಸಿಗೆ ತಾಯಿಯ ಮಾತು ಸ್ಪಷ್ಟವಾಗಿ ಬೀಳುವುದಿಲ್ಲ. ಕೂಸು ಮಾತು ಕಲಿಯುವುದು ಕೇಳಿಯೇ ಅಲ್ಲವೆ?

ಕೌದಿ ಏಕೆ ಬೇಡ?

ಜ್ವರ ಬಂದಾಗ ಮೈ ಬಿಸಿಯಾಗುವುದು ರೋಗದ ಲಕ್ಷಣ. ಕಂಬಳಿ ಮೇಲೆ ಕಂಬಳಿ ಹೊದಿಸಿದರೆ ಜ್ವರ ಇಳಿಯದು, ಏರುತ್ತದೆ. ಯಂತ್ರದ ಸದ್ದೂ ಇಂಥದೇ ಲಕ್ಷಣ. ಒಳಗಿನ ಬಿಸಿಯೇ ಮೂಲ. ಕೌದಿ ಹೊದಿಸಿದರೆ ಗಾಳಿ ಕಟ್ಟುತ್ತದೆ, ಬಿಸಿ ಏರುತ್ತದೆ, ಬಿಸಿ ಏರಿದಂತೆ ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ. ಕೊನೆಗೆ ಯಂತ್ರ ತಾನೇ ನಿಲ್ಲಬಹುದು, ಇಲ್ಲವೆ ಬಟ್ಟೆಗೆ ಬೆಂಕಿ ಹತ್ತಬಹುದು. ಮಲಗಿದವರಿಗೆ ಬೆಂಕಿಗಿಂತ ಮೊದಲು ಹೊಗೆಯೇ ಪ್ರಾಣ ತೆಗೆಯುತ್ತದೆ. ಆದ್ದರಿಂದ ನೆನಪಿಡಬೇಕಾದ ಮಾತು ಒಂದೇ: ಮೊದಲು ಬಿಸಿ ಇಳಿಸಿ, ಸದ್ದು ತಾನಾಗಿ ಇಳಿಯುತ್ತದೆ.

ಸದ್ದು ತಗ್ಗಿಸುವ ಕ್ರಮ

ಎಲೆಕ್ಟ್ರಾನಿಕ್ಸ್ ಬಲ್ಲ ಮಿತ್ರರನ್ನು ಕೇಳಿ, ತಿಳಿದದ್ದನ್ನು ಕ್ರಮವಾಗಿ ಕೊಟ್ಟಿದ್ದೇನೆ.

1. ಮಲಗುವ ಕೋಣೆಯಿಂದ ಇಂದೇ ಹೊರಗಿಡಿ. ನಡುವೆ ಒಂದು ಗೋಡೆ, ಒಂದು ಮುಚ್ಚಿದ ಬಾಗಿಲು ಬಂದರೆ ಅರ್ಧ ಕೆಲಸ ಆದಂತೆ. ಆದರೆ ಅರಳೆ, ಕಣಿಕೆ, ಹೊಟ್ಟು, ಕಟ್ಟಿಗೆ ತುಂಬಿದ ಕೋಣೆಗೆ ಮಾತ್ರ ಒಯ್ಯಬೇಡಿ. ನಮ್ಮ ಹತ್ತಿ ಬೆಳೆಯುವ ಸೀಮೆಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

2. ಯಂತ್ರವನ್ನು ಕಡಿಮೆ ವಿದ್ಯುತ್ತಿನಲ್ಲಿ ನಡೆಸಿ. ಅನೇಕ ಯಂತ್ರಗಳಲ್ಲಿ ಈ ಸೆಟ್ಟಿಂಗ್ ಇರುತ್ತದೆ. ವಿದ್ಯುತ್ ಇಳಿದರೆ ಬಿಸಿ ಇಳಿಯುತ್ತದೆ, ಫ್ಯಾನು ನಿಧಾನವಾಗುತ್ತದೆ. ಫ್ಯಾನಿನ ವೇಗ ಅರ್ಧವಾದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಗಳಿಕೆಯೂ ಇಳಿಯುವುದು ನಿಜ.

3. ಧೂಳು ತೆಗೆಯಿರಿ. ಎರೆಮಣ್ಣಿನ ಧೂಳು, ಹತ್ತಿಯ ಎಳೆ ಒಳಗೆ ಸೇರಿದರೆ ಗಾಳಿ ಓಡಾಡುವುದಿಲ್ಲ. ವಿದ್ಯುತ್ ಪೂರ್ತಿ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಬ್ಲೋವರಿನಿಂದ ಊದಿ. ಒದ್ದೆ ಬಟ್ಟೆ ಬೇಡ.

4. ಬಿಸಿ ಗಾಳಿಗೆ ಹೊರದಾರಿ ಮಾಡಿ. ಕಿಟಕಿಗೆ ಅಗಲವಾದ ಕೊಳವೆ ಜೋಡಿಸಿ ಹೊರಗೆ ಬಿಡಿ. ತಣ್ಣನೆ ಗಾಳಿ ನೆರಳಿನ ಕಡೆಯಿಂದ ಒಳಬರಲಿ. ಕೊಳವೆಯ ಬಾಯಿ ಫ್ಯಾನಿಗಿಂತ ಚಿಕ್ಕದಾಗಬಾರದು, ನೆರೆಯವರ ಕಿಟಕಿಯ ಕಡೆಗೂ ಇರಬಾರದು.

5. ಸದ್ದು ಹೀರುವ ಪೆಟ್ಟಿಗೆ ಮಾಡಿಸುವುದಾದರೆ ಗಾಳಿಯ ದಾರಿ ಅಗಲವಾಗಿದ್ದು ಒಂದೆರಡು ತಿರುವು ಇರಲಿ. ಗಾಳಿ ತಿರುಗಿ ಹೋಗುತ್ತದೆ, ಸದ್ದು ತಿರುವಿನಲ್ಲಿ ಸಾಯುತ್ತದೆ. ಒಳಗೋಡೆಗೆ ಬೆಂಕಿ ಹತ್ತದ ಖನಿಜ ಉಣ್ಣೆ ಹಾಕಿ, ಅದರ ಎಳೆ ಗಾಳಿಗೆ ಹಾರದಂತೆ ಬೆಂಕಿ ಹಿಡಿಯದ ಹೊದಿಕೆಯಿಂದ ಮುಚ್ಚಿಸಿ. ಥರ್ಮೋಕೋಲ್, ಹಾಸಿಗೆಯ ಸ್ಪಂಜು, ಹಳೆ ಬಟ್ಟೆ ಬೇಡವೇ ಬೇಡ.

6. ಯಂತ್ರದ ಕೆಳಗೆ ದಪ್ಪ ರಬ್ಬರ್ ಇಡಿ. ಕಬ್ಬಿಣದ ಕಪಾಟು, ಹಲಗೆಗಳ ಮೇಲಿಟ್ಟರೆ ನಡುಕದಿಂದ ಸದ್ದು ಹೆಚ್ಚುತ್ತದೆ.

7. ಫ್ಯಾನು ಬದಲಿಸುವಾಗ ಎಚ್ಚರ. ಸದ್ದಿಲ್ಲದ ಫ್ಯಾನು ಎಂದು ಕಡಿಮೆ ಗಾಳಿ ಕೊಡುವುದನ್ನು ಹಾಕಿದರೆ ಯಂತ್ರ ಕಾದು ನಿಲ್ಲುತ್ತದೆ. ಅಷ್ಟೇ ಗಾಳಿ ಕೊಡುವ ದೊಡ್ಡ ಫ್ಯಾನು ನಿಧಾನ ತಿರುಗಿದರೂ ಸಾಕು. ಇದನ್ನು ತಿಳಿದವರಿಂದಲೇ ಮಾಡಿಸಿ.

8. ತಂತಿ ಪರೀಕ್ಷಿಸಿ. 3,250 ವಾಟಿನ ಯಂತ್ರ ಸುಮಾರು 14 ಆಂಪಿಯರ್ ಎಳೆಯುತ್ತದೆ. ಮನೆಯ ಸಾಮಾನ್ಯ 6 ಆಂಪಿಯರ್ ಪ್ಲಗ್ಗಿಗೆ ಇದು ಸಲ್ಲದು. ಪ್ರತ್ಯೇಕ ದಪ್ಪ ತಂತಿ, ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು.

ಇಷ್ಟು ಮಾಡಲು ಸ್ಥಳವಿಲ್ಲದ ಮನೆಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಯಂತ್ರವನ್ನು ಬಂದ್ ಮಾಡುವುದೇ ದಾರಿ.

ಮಗ್ಗದ ಮನೆಯವರಿಗೂ ಇದರಲ್ಲಿ ಪಾಠವಿದೆ. ಮಗ್ಗದ ಕಾಲಿಗೆ ರಬ್ಬರ್ ಇಡಿ, ಸಡಿಲ ಬೋಲ್ಟು ಬಿಗಿಮಾಡಿ, ಸವೆದ ಭಾಗ ಬದಲಿಸಿ, ಎಣ್ಣೆ ಬಿಡಿ. ತೊಟ್ಟಿಲನ್ನು ಮಗ್ಗದ ಕೋಣೆಯಲ್ಲಿ ಕಟ್ಟಬೇಡಿ.

ಕಿವಿಗೆ ಅರಳೆ ಸಾಲದು

ಕಿವಿಗೆ ಅರಳೆ ತುರುಕಿಕೊಂಡರೆ ಸದ್ದು ಅಲ್ಪವೇ ತಗ್ಗುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಇಯರ್‌ಪ್ಲಗ್ ಅಥವಾ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಉತ್ತಮ. ಮಗ್ಗದ ಮುಂದೆ ದುಡಿಯುವವರು ಇವನ್ನು ಬಳಸಲೇಬೇಕು. ಮನೆಮಂದಿಗೆ ಇದು ಪರಿಹಾರವಲ್ಲ. ಕೂಸಿಗೆ ಇಯರ್‌ಪ್ಲಗ್ ಹಾಕಲಾಗದು, ರಾತ್ರಿ ಕಿವಿ ಮುಚ್ಚಿ ಮಲಗಿದ ತಾಯಿಗೆ ಕೂಸಿನ ಅಳು ಕೇಳದು. ಕಿವಿಗೆ ಎಣ್ಣೆ ಬಿಡುವುದರಿಂದಲೂ ಪ್ರಯೋಜನವಿಲ್ಲ.

ಮನೆಯಲ್ಲೇ ಒಂದು ಸುಲಭ ಪರೀಕ್ಷೆ ಇದೆ. ಯಂತ್ರದ ಹತ್ತಿರ ಒಂದು ಮಾರು ಸಹ ದೂರವಿಲ್ಲದೆ ನಿಂತ ಇಬ್ಬರು ಕೂಗಿ ಮಾತಾಡಬೇಕಾದರೆ ಅಲ್ಲಿನ ಸದ್ದು ಕಿವಿಗೆ ಅಪಾಯದ ಮಟ್ಟ ಮುಟ್ಟಿದೆ ಎಂದು ತಿಳಿಯಿರಿ. ಇನ್ನು, ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು, ಟಿ.ವಿ.ಯ ಧ್ವನಿ ಏರಿಸಬೇಕಾಗುವುದು, ಗುಂಪಿನಲ್ಲಿ ಮಾತು ತಿಳಿಯದಿರುವುದು ಕಂಡುಬಂದರೆ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಆಡಿಯೋಗ್ರಾಮ್ ಮಾಡಿಸಿ. ನೋವಿಲ್ಲದ ಪರೀಕ್ಷೆ. ಹೋದದ್ದು ಮರಳದಿದ್ದರೂ ಉಳಿದದ್ದನ್ನು ಕಾಪಾಡಬಹುದು.

ಮೊದಲು ಹೇಳಿದ ತಾಯಿ ತಿಂಗಳ ನಂತರ ಮಗನನ್ನೂ ಕರೆದುಕೊಂಡು ಬಂದರು. ಯಂತ್ರ ಹಿತ್ತಲಿನ ಬರಿದಾದ ಕೋಣೆಗೆ ಹೋಗಿತ್ತು, ರಾತ್ರಿ ಬಂದ್ ಆಗುತ್ತಿತ್ತು. ತಾಯಿಯ ರಕ್ತದೊತ್ತಡ ಸ್ವಲ್ಪ ಇಳಿದಿತ್ತು, ಆದರೆ ಮಾತ್ರೆ ಮುಂದುವರಿಸಲು ಹೇಳಿದೆ. ನಿದ್ದೆ ಹೇಗಿದೆ ಎಂದು ಕೇಳಿದ್ದಕ್ಕೆ, "ನಿದ್ದಿ ಬರ್ತೈತ್ರಿ. ಈಗ ಕೂಸು ಅತ್ರ ಕೇಳ್ತೈತ್ರಿ" ಎಂದರು. ಮಗ ತಲೆ ತಗ್ಗಿಸಿ ನಕ್ಕ. ಕೂಸಿನ ಕಿವಿಯ ಪರೀಕ್ಷೆಗೆ ಬೆಳಗಾವಿಗೆ ಕಳಿಸಿದ್ದೇನೆ.

ನಿಮ್ಮ ಮನೆಯಲ್ಲಿ ಹಗಲೂ ರಾತ್ರಿ ತಿರುಗುವ ಯಂತ್ರ ಯಾವುದೇ ಇರಲಿ, ಇಂದು ರಾತ್ರಿ ಅದು ನಿಂತಾಗ ಮನೆ ಹೇಗಿರುತ್ತದೆ ಎಂದು ಐದು ನಿಮಿಷ ಕಿವಿಗೊಟ್ಟು ನೋಡಿ. ಅಷ್ಟು ಶಾಂತಿ ಮಲಗುವವರಿಗೆ ದಿನವೂ ಸಿಗಬೇಕು.