‘ಇಲ್ಲ’ ಮತ್ತು ‘ಕಾಣಲಿಲ್ಲ’: ನೆಲದಡಿಯ ಮೀನುಗಳ ಸಮೀಕ್ಷೆಯನ್ನು ಬೋಧಿಸುವ ಕ್ರಮ

ತೇವಾರಂ ಊರಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಘಟ್ಟದ ಸಾಲು ಕಾಣುತ್ತದೆ. ಅದರ ಆಚೆಗೆ ಕೇರಳದ ಇಡುಕ್ಕಿ ಜಿಲ್ಲೆ; ಇನ್ನೂ ಪಶ್ಚಿಮಕ್ಕೆ ಇಳಿದರೆ ಕೋಟ್ಟಯಂ ಕಡೆಯ ಮುರಕಲ್ಲಿನ ನಾಡು. ಆ ನಾಡಿನ ಮನೆಬಾವಿಗಳಿಗೆ ನೀರೂಡುವ ಕಲ್ಲಿನ ಪೊಳ್ಳುಗಳಲ್ಲಿ ಕಣ್ಣೇ ಇಲ್ಲದ ಮೀನುಗಳು ಬಾಳುತ್ತವೆ. ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳ ಮಕ್ಕಳಿಗೆ ಈ ಸಂಗತಿಯನ್ನು ಹೇಳಿದರೆ ಅವರ ಮೊದಲ ಪ್ರಶ್ನೆ ಒಂದೇ: ‘ನಮ್ಮ ಬಾವಿಯಲ್ಲೂ ಇದೆಯೇ?’ ಉನ್ನತ ಪ್ರಾಥಮಿಕ ತರಗತಿಗಳಲ್ಲಿ ವಿಜ್ಞಾನ ಪಾಠವನ್ನೂ ಭಾಷಾ ಪಾಠವನ್ನೂ ಈ ಪ್ರಶ್ನೆಯ ಸುತ್ತ ಒಟ್ಟಿಗೆ ಕಟ್ಟಬಹುದು.

ಮೊದಲು ಮೀನಿನ ಪರಿಚಯ. ಹೋರಾಗ್ಲಾನಿಸ್ ಎಂಬ ಕುಲದ ಈ ಮೀನು ನಮ್ಮ ಕೆರೆಗಳ ಮುಗುಡು ಮೀನಿನ ದೂರದ ನೆಂಟ. ಬೆರಳುದ್ದಕ್ಕಿಂತ ಚಿಕ್ಕದು, ಚರ್ಮದಲ್ಲಿ ಬಣ್ಣವಿಲ್ಲದ ಕಾರಣ ಒಳಗಿನ ರಕ್ತದಿಂದ ಕೆಂಪಾಗಿ ತೋರುತ್ತದೆ. ಬಾಯಿಯ ಸುತ್ತಲಿನ ಮೀಸೆಗಳಿಂದ ತಡವಿ ದಾರಿಯನ್ನೂ ಆಹಾರವನ್ನೂ ಅರಿಯುತ್ತದೆ. ಕುಲಕ್ಕೆ ಈ ಹೆಸರು ಬಂದದ್ದು ಭಾರತೀಯ ಮೀನುಶಾಸ್ತ್ರದ ಹಿರಿಯರಾದ ಸುಂದರಲಾಲ್ ಹೋರಾ ಅವರಿಂದ. ಕೋಟ್ಟಯಂನ ಬಾವಿಗಳಲ್ಲಿ ದೊರೆತ ಮೊದಲ ಪ್ರಭೇದವನ್ನು ಎ. ಜಿ. ಕೆ. ಮೆನನ್ ಅವರು 1950ರಲ್ಲಿ ವರ್ಣಿಸಿದರು. ಎರಡನೆಯ ಪ್ರಭೇದಕ್ಕೆ ಹೆಸರು ಬಂದದ್ದು 2004ರಲ್ಲಿ, ಮೂರನೆಯದಕ್ಕೆ 2012ರಲ್ಲಿ, ನಾಲ್ಕನೆಯದಕ್ಕೆ 2023ರಲ್ಲಿ. ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಪ್ರಭೇದವೆಂದು ತಿಳಿದದ್ದು, ಹುಡುಕಿದಂತೆಲ್ಲ ನಾಲ್ಕಾಯಿತು. ಈ ಇಸವಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಅಳಿಸದೆ ಬಿಡಿ, ಮುಂದೆ ಬೇಕಾಗುತ್ತವೆ.

ನೆಲದಡಿಯ ಜೀವಿಗಳನ್ನು ಹುಡುಕುವ ಕ್ರಮ ಎಲ್ಲೆಡೆಯೂ ಒಂದೇ ಅಲ್ಲ. ಮೇಘಾಲಯದ ಜೈಂತಿಯಾ ಬೆಟ್ಟಗಳ ಸುಣ್ಣಕಲ್ಲಿನ ಗುಹೆಗಳಲ್ಲಿ ಮನುಷ್ಯನೇ ಒಳಗಿಳಿದು ತೊರೆಯ ಜಾಡು ಹಿಡಿಯಬಹುದು. ಅಲ್ಲಿನ ಉಮ್ ಲಾಡಾವ್ ಗುಹೆಯ ಕೊಳದಲ್ಲಿ 2019ರಲ್ಲಿ ಕಂಡ ಮೀನು 40 ಸೆಂ.ಮೀ. ಉದ್ದದ್ದು, ನೆಲದಡಿಯ ಮೀನುಗಳಲ್ಲಿ ಇದುವರೆಗೆ ತಿಳಿದಿರುವ ಅತಿ ದೊಡ್ಡದು. ಇಂತಹ ತೊರೆಯಲ್ಲಿ ಸಮೀಕ್ಷಕರು ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ನಡೆಯಬೇಕು. ಹಾಗೆ ನಡೆದರೆ ಕಾಲಿನಿಂದ ಎದ್ದ ಕೆಸರು ಹಿಂದಕ್ಕೆ ಹೋಗುತ್ತದೆ, ಮುಂದಿನ ನೀರು ತಿಳಿಯಾಗಿ ಉಳಿಯುತ್ತದೆ.

ಕೇರಳದ ಮುರಕಲ್ಲಿನೊಳಗೆ ಮನುಷ್ಯ ಹೋಗಲಾರ. ಅಲ್ಲಿ ನೋಟದ ಕಿಂಡಿಗಳೆಂದರೆ ಜನರ ಬಾವಿ, ಮನೆಯಂಗಳದ ಹೊಂಡ, ನೀರಿನ ಟ್ಯಾಂಕ್. ಆದುದರಿಂದ ಸಂಶೋಧಕರು ಮನೆಮನೆಯವರ ನೆರವನ್ನೇ ನೆಚ್ಚಿದರು. 2023ರಲ್ಲಿ ಪ್ರಕಟವಾದ ಅಧ್ಯಯನದ ಹಿಂದೆ ಆರು ವರ್ಷಗಳ ಇಂತಹ ಸಹಕಾರವಿದೆ. ಅದರಿಂದ 47 ಹೊಸ ನೆಲೆಗಳು ದಾಖಲಾದವು. ನಾಲ್ಕನೆಯ ಪ್ರಭೇದಕ್ಕೆ ಇಟ್ಟ ‘ಪೊಪ್ಯುಲೈ’ ಎಂಬ ಹೆಸರಿಗೆ ಲ್ಯಾಟಿನ್ನಿನಲ್ಲಿ ‘ಜನರ’ ಎಂಬ ಅರ್ಥ. ರಾಜರ, ಅಧಿಕಾರಿಗಳ ಹೆಸರು ಹೊತ್ತ ಪ್ರಾಣಿಗಳು ಎಷ್ಟೋ ಇವೆ. ಬಾವಿಗೆ ಬಕೆಟ್ ಇಳಿಸುವವರ ಹೆಸರಿನದು ವಿರಳ.

ಇನ್ನು ಭಾಷೆಯ ವಿಷಯ. ಹಗ್ಗ ಇಳಿಸಿ ನೀರು ಸೇದಿ ನೋಡಿದ ಮಗು ‘ಮೀನು ಇಲ್ಲ’ ಎಂದು ಬರೆಯುತ್ತದೆ. ಶಿಕ್ಷಕರೂ ಅದಕ್ಕೆ ಸರಿ ಗುರುತು ಹಾಕಿಬಿಡುವುದನ್ನು ತರಬೇತಿಗಳಲ್ಲಿ ಕಾಣುತ್ತೇನೆ. ಇದು ವಿಜ್ಞಾನದ ದೃಷ್ಟಿಯಿಂದಲೂ ಕನ್ನಡದ ದೃಷ್ಟಿಯಿಂದಲೂ ಸಲ್ಲದು. ‘ಇಲ್ಲ’ ಎಂಬುದು ಬಾವಿಯನ್ನು ಕುರಿತ ತೀರ್ಪು. ‘ಕಾಣಲಿಲ್ಲ’ ಎಂಬುದು ನೋಡಿದವನ ನೋಟವನ್ನು ಕುರಿತ ಸಾಕ್ಷ್ಯ. ಮಗು ಹೇಳಲು ಅಧಿಕಾರವುಳ್ಳದ್ದು ಎರಡನೆಯದನ್ನು ಮಾತ್ರ: ‘ಇಂದು ಬೆಳಿಗ್ಗೆ ಹತ್ತು ಬಕೆಟ್ ನೀರು ಸೇದಿ ಬಟ್ಟೆಯಲ್ಲಿ ಸೋಸಿದೆವು, ಮೀನು ಕಾಣಲಿಲ್ಲ.’ ಹಲಗೆಯ ಮೇಲೆ ಉಳಿದಿರುವ ಇಸವಿಗಳನ್ನು ಈಗ ತೋರಿಸಿ. 1950ರ ಬಳಿಕ ಯಾರಾದರೂ ‘ಬೇರೆ ಪ್ರಭೇದ ಇಲ್ಲ’ ಎಂದು ಬರೆದು ಕಡತ ಮುಚ್ಚಿದ್ದರೆ ಏನಾಗುತ್ತಿತ್ತೆಂದು ಕೇಳಿ. ಈ ಮೀನುಗಳ ನೆಲೆ ಅಭಯಾರಣ್ಯವಲ್ಲ, ಜನರ ಹಿತ್ತಿಲು. ನಲ್ಲಿ ಬಂತೆಂದು ಬಾವಿ ಮುಚ್ಚುವಾಗ, ಕಲ್ಲಿನ ಗಣಿ ತೋಡುವಾಗ ‘ಅಲ್ಲಿ ಏನೂ ಇಲ್ಲ’ ಎಂಬ ಒಂದು ಸಾಲೇ ಸಾಕಾಗಿಬಿಡುತ್ತದೆ.

ಕುರುಡುತನದ ಕಾರಣವನ್ನು ವಿವರಿಸುವಾಗಲೂ ಮಾತಿನ ಎಚ್ಚರ ಬೇಕು. ‘ಕತ್ತಲಲ್ಲಿ ಬಳಸದೆ ಬಿಟ್ಟುದರಿಂದ ಕಣ್ಣು ಹೋಯಿತು’ ಎಂಬ ವಿವರಣೆ ಬಾಯಿಗೆ ಸುಲಭ, ಆದರೆ ತಪ್ಪು. ಒಂದು ಜೀವಿ ತನ್ನ ಬಾಳಿನಲ್ಲಿ ಬಳಸದೆ ಬಿಟ್ಟ ಅಂಗ ಮರಿಗಳಲ್ಲಿ ಮಾಯವಾಗುವುದಿಲ್ಲ. ಬೆಳಕಿಲ್ಲದೆಡೆ ಕಣ್ಣು ಕೆಟ್ಟು ಹುಟ್ಟಿದ ಮರಿಗೂ ನಷ್ಟವಿಲ್ಲ; ಕಣ್ಣನ್ನು ಸಾಕುವ ಶಕ್ತಿ ಉಳಿದರೆ ಆಹಾರ ವಿರಳವಾದ ನೆಲದಡಿಯಲ್ಲಿ ಅದು ಲಾಭವೇ. ಅಂತಹ ಮರಿಗಳು ಉಳಿದು ಪೀಳಿಗೆ ಪೀಳಿಗೆಯಾಗಿ ಹೆಚ್ಚಿದವು. ಮೆಕ್ಸಿಕೋದ ಗುಹಾಮೀನಿನ ಭ್ರೂಣದಲ್ಲಿ ಕಣ್ಣು ಮೂಡತೊಡಗಿ, ಬಳಿಕ ಕ್ಷೀಣಿಸುತ್ತದೆ.

ಮಕ್ಕಳ ಮೊದಲ ಪ್ರಶ್ನೆಗೆ ಬರೋಣ. ಹೋರಾಗ್ಲಾನಿಸ್ ಇದುವರೆಗೆ ದೊರೆತಿರುವುದು ಪಾಲಕ್ಕಾಡು ಕಣಿವೆಯ ದಕ್ಷಿಣಕ್ಕೆ, ಕೇರಳದ ನೆಲದಲ್ಲಿ ಮಾತ್ರ. ತೇನಿಯ ಕಡೆಯದು ಗಟ್ಟಿ ಬಂಡೆಯ ನೆಲ. ಅಲ್ಲಿ ಅದು ಸಿಗುವ ನಿರೀಕ್ಷೆ ಕಡಿಮೆ ಎಂದು ಮಕ್ಕಳಿಗೆ ಮೊದಲೇ ಹೇಳಿ. ಆದರೂ ಸೋಸಿದ ಬಟ್ಟೆಯನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಅದ್ದಿ ಭೂತಗನ್ನಡಿಯಿಂದ ನೋಡಿದರೆ ಗೊದಮೊಟ್ಟೆ, ಸೊಳ್ಳೆಯ ಮರಿ, ಬಸವನಹುಳು, ಬರಿಗಣ್ಣಿಗೆ ಚುಕ್ಕೆಯಂತೆ ತೋರುವ ಜೀವಿಗಳು ಕಾಣಬಹುದು. ಪ್ರತಿಯೊಂದಕ್ಕೂ ಮನೆಯಲ್ಲಿ ಅಜ್ಜಿ ಹೇಳುವ ಕನ್ನಡದ ಹೆಸರನ್ನೂ ಊರಿನ ತಮಿಳು ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆಯಿಸಿ. ಪಠ್ಯಪುಸ್ತಕದ ಹೆಸರಿಗೆ ಹೊಂದಲಿಲ್ಲವೆಂದು ಅಜ್ಜಿಯ ಮಾತನ್ನು ತಿದ್ದಬೇಡಿ. ಪ್ರಭೇದದ ಹೆಸರನ್ನು ಊಹಿಸಿ ಬರೆಯಲು ಬಿಡಬೇಡಿ: ಹೋರಾಗ್ಲಾನಿಸ್ ಪ್ರಭೇದಗಳು ನೋಟಕ್ಕೆ ಒಂದೇ ತೆರನಾಗಿದ್ದು, ವಂಶವಾಹಿಗಳ ಪರೀಕ್ಷೆಯಿಂದಲೇ ಬೇರೆಬೇರೆ ಎಂದು ಸ್ಪಷ್ಟವಾದವು.

ನೀರು ಸೇದುವ ಕೆಲಸ ಹಿರಿಯರದು. ಯಾವ ಕಾರಣಕ್ಕೂ ಮಕ್ಕಳು ಬಾವಿಗೆ ಇಳಿಯಬಾರದು, ಕಟ್ಟೆಯಿಲ್ಲದ ಬಾವಿಯ ಬಳಿಗೂ ಹೋಗಬಾರದು; ಹಳೆಯ ಬಾವಿಗಳ ತಳದಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ. ಸುರುಳಿ ತೀರ್ಥದ ಕಡೆಗೆ ಪ್ರವಾಸ ಹೋದಾಗ ಗುಹೆಗಳನ್ನು ಹೊರಗಿನಿಂದ ನೋಡಿದರೆ ಸಾಕು. ಬಾವಲಿಗಳನ್ನು ಬೆದರಿಸುವುದು ಅವುಗಳಿಗೂ ನಮಗೂ ಒಳಿತಲ್ಲ. ತಟ್ಟೆಯ ಜೀವಿಗಳನ್ನು ನೋಡಿ, ಚಿತ್ರ ಬರೆದು, ಅದೇ ಬಾವಿಯ ನೀರಿಗೆ ಮರಳಿಸಬೇಕು. ಸೊಳ್ಳೆಯ ಮರಿಗಳನ್ನು ಮಾತ್ರ ಒಣನೆಲಕ್ಕೆ ಚೆಲ್ಲಿ.

ದಾಖಲೆಯ ಹಾಳೆಯಲ್ಲಿ ದಿನಾಂಕ, ಹೊತ್ತು, ಬಾವಿಯಿರುವ ಬೀದಿ, ನೀರಿನ ಮಟ್ಟ, ಸೇದಿದ ಬಕೆಟ್‌ಗಳ ಸಂಖ್ಯೆ, ಕಂಡದ್ದು, ಕಾಣದ್ದು ಇವಿಷ್ಟು ಇರಲಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಎಷ್ಟು ದಿನವಾಯಿತು ಎಂಬುದನ್ನು ಮನೆಯವರಲ್ಲಿ ಕೇಳಿ ತಪ್ಪದೆ ಬರೆಯಿಸಿ. ಮಳೆಗಾಲ ಕಳೆದ ಮೇಲೊಮ್ಮೆ, ಬೇಸಿಗೆಯಲ್ಲಿ ಇನ್ನೊಮ್ಮೆ ಅದೇ ಬಾವಿಯನ್ನು ಅದೇ ಕ್ರಮದಲ್ಲಿ ನೋಡಿ, ಎರಡು ಹಾಳೆಗಳನ್ನು ಒಟ್ಟಿಗೆ ಹೊಲಿದು ತರಗತಿಯ ಕಪಾಟಿನಲ್ಲಿ ಮುಂದಿನ ವರ್ಷದ ಮಕ್ಕಳಿಗಾಗಿ ಇರಿಸಿ.